ಚಾಪೆಯವನ ಪ್ರಾರ್ಥನೆ

ಮನೆ, ಹಿಂದಿನ ಉದ್ದ ಕೋಣೆ
ಜುಲೈ ೯, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ. ಹೇಗಿದ್ದೀಯ? ಮಂಡಿ ನೋವು ಇಳಿಯಿತೇ? ಆ ತರಬೇತಿ ಕೇಂದ್ರದಲ್ಲಿ ದಿನವಿಡೀ ನಿಂತುಕೊಂಡೇ ಪಾಠ ಹೇಳಬೇಡ, ನಡುನಡುವೆ ಕೂರು. ನಾನು ಬಾಟಲಿಗೆ ತುಂಬಿಸಿ ಕೊಟ್ಟ ಎಣ್ಣೆ ಪೆಟ್ಟಿಗೆಯ ತಳದಲ್ಲೇ ಬಿದ್ದಿರುತ್ತದೆ, ನನಗೆ ಗೊತ್ತು, ತೆಗೆದು ಹಚ್ಚಿಕೋ. ನನಗೇನೂ ಇಲ್ಲ, ಹೊಟ್ಟೆಯ ಬಲಗಡೆ ಅದೇ ಹಳೆಯ ನೋವು, ಬರುತ್ತದೆ ಹೋಗುತ್ತದೆ. ಕೇಳಬೇಕಾದ್ದು ಕೇಳಿದ್ದಾಯಿತು. ಇನ್ನು ಬೈಯುತ್ತೇನೆ, ಸರಿಯಾಗಿ ಕೂತುಕೊಂಡು ಓದು.

ಫೋನಿನಲ್ಲೇ ಬೈಯಬಹುದಿತ್ತು. ಆದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು "ಪ್ರಾರ್ಥನೆ ಮಾಡೋಣ ಅಕ್ಕ" ಅನ್ನುತ್ತೀಯ. ಪ್ರಾರ್ಥನೆ ಅಂದ ಮೇಲೆ ನಾನು ಕಣ್ಣು ಮುಚ್ಚಲೇಬೇಕು. ನೀನು ಆಮೆನ್ ಅಂದವನೇ ಫೋನ್ ಇಡುತ್ತೀಯ. ಮೂರು ಸಲ ಹೀಗೆ ಮಾಡಿದೆ. ದೇವರ ಹೆಸರನ್ನು ಬಾಗಿಲಿನ ಚಿಲಕದ ಹಾಗೆ ಬಳಸುವುದನ್ನು ಎಲ್ಲಿ ಕಲಿತೆಯೋ? ನಮ್ಮ ಅಮ್ಮನಂತೂ ಕಲಿಸಲಿಲ್ಲ. ಕಾಗದಕ್ಕೆ ನೀನು ಆಮೆನ್ ಹೇಳಿ ಬಾಯಿ ಮುಚ್ಚಿಸಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮೂರು ಆಸನದ ಪದ್ಧತಿಯನ್ನು ಅಲ್ಲಿ ಯಾರ್ಯಾರಿಗೋ ಕಲಿಸುತ್ತಿದ್ದೀಯಲ್ಲ, ಅದು ಇಲ್ಲಿ, ನಮ್ಮ ಮನೆಯ ಕೂಟದಲ್ಲಿ, ಏನು ಮಾಡಿತು ಎಂದು ಕೇಳು. ಹೊಸದಾಗಿ ನಂಬಿಕೆಗೆ ಬಂದ ಹುಡುಗ ಚಾಪೆಯ ಮೇಲೆ ಕೂರಬೇಕು, ಕೇಳಿಸಿಕೊಳ್ಳಬೇಕು, ಬಾಯಿ ತೆರೆಯಬಾರದು. ಸ್ವಲ್ಪ ಬಲಿತವನು ಬೆಂಚು ಹತ್ತಿ ಸಾಕ್ಷಿ ಹೇಳಬಹುದು. ಕುರ್ಚಿಯವನು ಮಾತ್ರ ಬೇರೆಯವರಿಗಾಗಿ ಗಟ್ಟಿಯಾಗಿ ಪ್ರಾರ್ಥಿಸಬಹುದು, ಕಾಯಿಲೆಯವರ ತಲೆಯ ಮೇಲೆ ಕೈ ಇಡಬಹುದು. ಯಾರು ಎಲ್ಲಿ ಕೂರಬೇಕು ಎಂದು ಹೇಳುವವನು ನೀನೊಬ್ಬನೇ. ಶುರುವಿನಲ್ಲಿ ನನಗೂ ಇದು ಒಳ್ಳೆಯದೆನಿಸಿತ್ತು, ಸುಳ್ಳು ಹೇಳುವುದಿಲ್ಲ. ಕರೆಂಟ್ ಬಿಲ್ ಕೊಡುವ ಆ ಮೀಟರಣ್ಣ ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಿದ್ದವನು, ನಿನ್ನ ಚಾಪೆಯಿಂದ ಕುರ್ಚಿಯವರೆಗೆ ಬರುವಷ್ಟರಲ್ಲಿ ಮನುಷ್ಯನಾದ. ಹುಡುಗರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು, ಒಪ್ಪುತ್ತೇನೆ. ಆದರೆ ಹಲ್ಲು ಬರುವ ತನಕ ಕೂಸು ಅಮ್ಮಾ ಅನ್ನಬಾರದು ಎಂದು ಯಾವ ತಾಯಿಯಾದರೂ ಕಾನೂನು ಮಾಡುತ್ತಾಳೇನೋ?

ಹೊಲಿಗೆ ಅಜ್ಜಿ ಹೋದ ಸುದ್ದಿ ನಿನಗೆ ಮೀಟರಣ್ಣ ಹೇಳಿದ್ದಾನೆ. ಏನು ಹೇಳಿದ್ದಾನೋ, ಎಷ್ಟು ಹೇಳಿದ್ದಾನೋ. ನಾನು ಹೇಳುವುದನ್ನು ಕೇಳು. ಇದನ್ನೆಲ್ಲ ನನಗೆ ಹೇಳಿದವನು ನಿನ್ನ ಚಾಪೆಯ ಬೇಕರಿ ಹುಡುಗ, ಅದೂ ಅಜ್ಜಿಯ ಮನೆಯ ಹೊಸ್ತಿಲಲ್ಲಿ ಕುಸಿದು ಕೂತು. ಅವನು ದಿನಾ ಬೆಳಿಗ್ಗೆ ಒಲೆಯ ಕೆಲಸ ಮುಗಿಸಿ ಅಜ್ಜಿಗೆ ಬ್ರೆಡ್ಡು ಕೊಟ್ಟು, ಸೂಜಿಗೆ ದಾರ ಪೋಣಿಸಿಕೊಟ್ಟು ಬರುತ್ತಿದ್ದ. ಅವತ್ತು ಹೋದಾಗ ಅಜ್ಜಿ ಹೊಲಿಗೆ ಯಂತ್ರದ ಪಕ್ಕದ ಮಂಚದಲ್ಲಿ ಮೇಲುಸಿರು ಬಿಡುತ್ತಿದ್ದರು. ಇವನ ಕೈ ಹಿಡಿದುಕೊಂಡು, "ಬಂದ್ಯಾ ಮಗನೇ, ನಂಗೆ ಹೊತ್ತಾಯ್ತು. ಒಂದು ಪ್ರಾರ್ಥನೆ ಮಾಡಿ ಕಳಿಸಿಕೊಡು" ಅಂದರಂತೆ. ಇವನು, "ಅಜ್ಜಿ, ನಾನಿನ್ನೂ ಚಾಪೆಯವನು, ನಾನು ಮಾಡಬಾರದು. ಮೀಟರಣ್ಣನ್ನ ಕರ್ಕೊಂಡು ಬರ್ತೀನಿ" ಅಂದನಂತೆ. ಆ ಸ್ಥಿತಿಯಲ್ಲೂ ಅಜ್ಜಿಗೆ ನಗು ಬಂತಂತೆ ಕಣೋ. "ಚಾಪೆಯವನಾದ್ರೇನು, ಬಾಯಿ ಇದೆಯಲ್ಲ" ಅಂದರಂತೆ.

ಆದರೂ ಅವನು ಕೈ ಬಿಡಿಸಿಕೊಂಡು ಓಡಿದ. ನೀನು ಕಲಿಸಿದ್ದೆಯಲ್ಲ! ಮೀಟರಣ್ಣ ಯಾವುದೋ ಬೀದಿಯಲ್ಲಿ ಗೋಡೆಗೆ ಮುಖ ಹಾಕಿಕೊಂಡು ರೀಡಿಂಗ್ ಬರೆಯುತ್ತಿದ್ದ. ಅವನನ್ನು ಹುಡುಕಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತರುವಷ್ಟರಲ್ಲಿ ನಾನು ಹಾಲು ಹಿಡಿದುಕೊಂಡು ಅಜ್ಜಿಯ ಮನೆಗೆ ಹೋಗಿದ್ದೆ. ಅಜ್ಜಿಯ ಕೈ ಮಂಚದಿಂದ ಹೊರಗೆ ಚಾಚಿಕೊಂಡೇ ಇತ್ತು. ಉಸಿರು ಇರಲಿಲ್ಲ. ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಲಿನ ಲೋಟ ಎಲ್ಲಿಟ್ಟೆನೋ ಇವತ್ತಿಗೂ ನೆನಪಾಗುತ್ತಿಲ್ಲ.

ನಿನಗೆ ಮೊದಲು ಕೈ ಜೋಡಿಸಲು ಕಲಿಸಿದವರು ಯಾರು ಎಂದು ನಾನು ನೆನಪಿಸಬೇಕೇ? ಅಮ್ಮ ಕೆಲಸಕ್ಕೆ ಹೋದಾಗ ನಿನ್ನನ್ನು ಬಟ್ಟೆಯ ಗಂಟಿನ ಮೇಲೆ ಕೂರಿಸಿಕೊಂಡು, ಯಂತ್ರ ತುಳಿಯುತ್ತಲೇ ಬಾಯಿಪಾಠ ಮಾಡಿಸಿದವರು ಅವರು. ನೀನು ತೊದಲುತ್ತಾ ದೇವರ ಹತ್ತಿರ ಬಣ್ಣದ ಗುಂಡಿ ಬೇಕು ಎಂದು ಬೇಡಿದ್ದೆ. ಅಜ್ಜಿ ಡಬ್ಬಿಯಿಂದ ಒಂದು ಕೆಂಪು ಗುಂಡಿ ತೆಗೆದು ಕೊಟ್ಟು, "ನೋಡು, ಕೇಳಿಸ್ತು" ಅಂದಿದ್ದರು. ಆಗ ನೀನು ಯಾವ ಆಸನದಲ್ಲಿದ್ದೆ? ಗಂಟಿನ ಮೇಲೆ. ಚಡ್ಡಿಯೂ ಇರಲಿಲ್ಲ.

ಅಜ್ಜಿಯನ್ನು ಮಣ್ಣು ಮಾಡಿದ ದಿನ ಮೀಟರಣ್ಣ ಬಹಳ ಹೊತ್ತು ಪ್ರಾರ್ಥಿಸಿದ, ಚೆನ್ನಾಗಿಯೇ ಪ್ರಾರ್ಥಿಸಿದ. ಕುರ್ಚಿಯವರೆಲ್ಲ ತಲೆದೂಗಿದರು. ಬೇಕರಿ ಹುಡುಗ ಹಿಂದೆ, ಮೈದಾ ಹಿಟ್ಟು ಹತ್ತಿದ ಅಂಗಿಯಲ್ಲೇ, ಗೋಡೆಗೆ ಒರಗಿ ನಿಂತಿದ್ದ. ಅವನ ಹತ್ತಿರ ಯಾರೂ ಹೋಗಲಿಲ್ಲ. ಇಷ್ಟಕ್ಕೇ ಆಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಆಮೇಲೆ ನೀನು ಮಾಡಿದ್ದು ನೋಡು, ಅದಕ್ಕೆ ಮೈಯೆಲ್ಲ ಉರಿಯಿತು. ಶನಿವಾರದ ಕೂಟದಲ್ಲಿ ಮೀಟರಣ್ಣ ಎದ್ದು ನಿಂತು, ಅಣ್ಣ, ಅಂದರೆ ನೀನು, ಫೋನಿನಲ್ಲಿ ಅಪ್ಪಣೆ ಕೊಟ್ಟಿದ್ದಾರೆ, ಈ ಹುಡುಗ ಅಷ್ಟು ಕಷ್ಟದಲ್ಲೂ ಮಾತು ಮೀರಲಿಲ್ಲ, ವಿಧೇಯತೆ ಕಲಿತಿದ್ದಾನೆ, ಇವತ್ತಿನಿಂದ ಬೆಂಚಿಗೆ ಬರಲಿ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ! ಒಬ್ಬ ಮುದುಕಿ ಕೈ ಚಾಚಿಕೊಂಡು ಒಂಟಿಯಾಗಿ ಸತ್ತಿದ್ದಕ್ಕೆ ಬಹುಮಾನವೇ? ನಾನು ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದೆ. ಅದನ್ನು ಯಾರ ತಲೆಯ ಮೇಲೂ ಸುರಿಯಲಿಲ್ಲವಲ್ಲ, ಅದು ಪವಿತ್ರಾತ್ಮನ ಕೆಲಸವೇ ಹೊರತು ನನ್ನದಲ್ಲ.

ಹುಡುಗ ಎದ್ದ. ಉಳಿದ ಚಾಪೆಯವರನ್ನು ಮೆಲ್ಲಗೆ ಸರಿಯಲು ಹೇಳಿ, ಚಾಪೆ ಸುತ್ತಿದ, ಕಂಕುಳಲ್ಲಿ ಇರುಕಿಕೊಂಡ, ಹೊರಟೇ ಹೋದ. ಉಳಿದವರು ಬರಿ ನೆಲದ ಮೇಲೆ ಕೂತು ಮಿಕಿಮಿಕಿ ನೋಡುತ್ತಿದ್ದರು. ಮೀಟರಣ್ಣ, "ಗರ್ವ ಬಂದುಬಿಟ್ಟಿದೆ ದೊಡ್ಡಕ್ಕ, ಮತ್ತೆ ಚಾಪೆಯಿಂದಲೇ ಶುರು ಮಾಡಿಸಬೇಕು" ಅಂದ. "ಚಾಪೆ ಎಲ್ಲಿದೆಯೋ ಶುರು ಮಾಡಿಸೋಕೆ?" ಅಂದೆ. ಪಾಪ, ಅವನದೇನು ತಪ್ಪು, ನೀನು ತುಂಬಿದ್ದನ್ನೇ ಸುರಿಯುತ್ತಾನೆ.

ಮಾರನೇ ದಿನ ಬೇಕರಿಗೆ ಹೋದೆ. ಒಲೆಯ ಮುಂದೆ ಬೆವರು ಸುರಿಸುತ್ತಾ ತಟ್ಟೆಗಳನ್ನು ಎಳೆಯುತ್ತಿದ್ದ. ಚಾಪೆಯನ್ನು ಹಿಟ್ಟಿನ ಮೂಟೆಗಳ ಹಿಂದೆ ನಿಲ್ಲಿಸಿದ್ದ. "ಬಾರೋ ಮನೆಗೆ, ಇಬ್ಬರೂ ಕೂತು ಪ್ರಾರ್ಥನೆ ಮಾಡೋಣ" ಅಂದೆ. "ನನ್ನ ಬಾಯಿ ಸುದ್ದಿ ಬಿಡಿ ದೊಡ್ಡಕ್ಕ. ಬೇಕಾದಾಗ ತೆರೀಲಿಲ್ಲ, ಇನ್ನು ಯಾತಕ್ಕೆ? ಬನ್ ಎಷ್ಟು ಕೊಡಲಿ ಹೇಳಿ" ಅಂದ. ನಗುತ್ತಲೇ ಅಂದ. ಆ ನಗು ನೋಡಿದ್ದರೆ ನಿನಗೆ ಅಲ್ಲಿ ಪಾಠ ಮಾಡಲು ದನಿ ಏಳುತ್ತಿರಲಿಲ್ಲ. ಅವನು ನಂಬಿಕೆ ಬಿಟ್ಟಿಲ್ಲ, ತಮ್ಮ. ದೇವರು ಇದ್ದಾನೆ ಎಂದೇ ನಂಬಿದ್ದಾನೆ. ಆ ದೇವರ ಮುಂದೆ ತನಗೆ ಬಾಯಿಲ್ಲ ಎಂದು ನಂಬಿಬಿಟ್ಟಿದ್ದಾನೆ. ಕುಡಿದು ಬಿದ್ದವನನ್ನು ಎತ್ತಬಹುದು, ಇವನನ್ನು ಹೇಗೆ ಎತ್ತುತ್ತೀಯ?

ನಿನ್ನಷ್ಟು ಓದಿದವಳಲ್ಲ ನಾನು. ಆದರೂ ಹುಡುಗರನ್ನು ಬೆಳೆಸುವುದು ಎಂದರೆ ಏನು ಎಂದು ನಿನ್ನನ್ನು ಬೆಳೆಸಿದ ನನಗೆ ಗೊತ್ತಿಲ್ಲವೇ? ನೀನು ನಡೆಯಲು ಕಲಿಯುವಾಗ ಬಿದ್ದೆ, ಎದ್ದೆ, ನನ್ನ ಸೀರೆಯ ಸೆರಗು ಹಿಡಿದು ಹರಿದೆ. ನಡೆಯಲು ಬಂದ ಮೇಲೆ ನಡೆ ಎಂದು ನಾನು ಹೇಳಲಿಲ್ಲ. ಈ ಪತ್ರವನ್ನು ನಾನು ಎಲ್ಲಿ ಕೂತು ಬರೆಯುತ್ತಿದ್ದೇನೆ ಗೊತ್ತೇ? ನಿನ್ನ ಕುರ್ಚಿಯ ಮೇಲೆ, ಗೋಡೆಯ ಬದಿಯ ಆ ಎತ್ತರದ ಕುರ್ಚಿ. ಸಿಡಿಲು ಬೀಳಲಿಲ್ಲ. ಒಂದು ಕಾಲು ಅಲ್ಲಾಡುತ್ತದೆ, ಅಷ್ಟೇ.

ಸಾಕು, ಕೈ ನೋಯುತ್ತಿದೆ. ಕೋಪ ಇಳಿದಿಲ್ಲ, ಇಳಿಯುವುದೂ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹತ್ತಿರ ಕಲಿಯುತ್ತಿರುವ ಆ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು, ಚಾಪೆಯ ಮೇಲಿರುವವರಿಗೆ ಮೊದಲು ಹೇಳು. ದೇವರು ನಿನ್ನನ್ನು ಕಾಯಲಿ, ನಿನ್ನ ಕೈಗೆ ಸಿಕ್ಕವರನ್ನು ಇನ್ನೂ ಹೆಚ್ಚಾಗಿ ಕಾಯಲಿ.

ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ತಾ.ಕ. ಅಂಚೆಯವನು ಬೀದಿಯ ತುದಿಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಹೊಟ್ಟೆ ನೋವು ಬರೀ ನೋವಲ್ಲವಂತೆ, ಒಳಗೆ ಗಡ್ಡೆ ಇದೆ. ಬರುವ ಗುರುವಾರವಲ್ಲ, ಅದರ ಮುಂದಿನ ಗುರುವಾರ ಆಸ್ಪತ್ರೆಯಲ್ಲಿ ಕೊಯ್ದು ತೆಗೆಯುತ್ತಾರೆ. ಒಳಗೆ ಕರೆದೊಯ್ಯುವ ಮೊದಲು ನನ್ನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಲು ನಾನು ಕೇಳಿದ್ದು ಬೇಕರಿ ಹುಡುಗನನ್ನು. ಕುರ್ಚಿಯವರು ಯಾರೂ ಬೇಡ, ನೀನೂ ಬೇಡ. ಅವನು ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡು ಬಂದು, "ಅವತ್ತಿನ ತಪ್ಪು ನಂದಾ ಅಣ್ಣಂದಾ ಅಂತ ಅಣ್ಣನೇ ಬಂದು ಹೇಳಲಿ ದೊಡ್ಡಕ್ಕ, ಆಮೇಲೆ ಬರ್ತೀನಿ" ಅಂದ. ಫೋನು ಬೇಡ. ಕೊಯ್ಯುವ ಹಿಂದಿನ ದಿನ, ಆ ಬುಧವಾರದೊಳಗೆ ಬಂದು, ಬೇಕರಿಗೆ ಹೋಗಿ, ಅವನ ಚಾಪೆ ಬಿಡಿಸಿ, ಅದರ ಮೇಲೆ ಕೂತು ಹೇಳು.