ನಿನ್ನ ಹೆಸರಿನಲ್ಲಿ ಎರಡು ದಿನ

ಹೆಬ್ಬಾಳ
ಭಾನುವಾರ, ೧೪-೯-೨೦೧೪

ಪ್ರೀತಿಯ ಅಮ್ಮನಿಗೆ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಸಾರಿ ಕೇಳುತ್ತೇನೆ. ಹೆಬ್ಬಾಳದಿಂದ ಬಾಗಲೂರಿಗೆ ಯಾರಾದರೂ ಪತ್ರ ಬರೆಯುತ್ತಾರಾ ಎಂದು ನೀನು ನಗಬಹುದು. ಆದರೆ ಮನೆಯ ಫೋನ್ ಇರುವುದು ಅಪ್ಪನ ಜೇಬಿನಲ್ಲಿ. ನಾನು ಮಾಡಿದರೆ ಅವರೇ ಎತ್ತಿ, "ನಿಮ್ಮಮ್ಮ ಚೆನ್ನಾಗವ್ಳೆ" ಎಂದು ಅವರೇ ಇಟ್ಟುಬಿಡುತ್ತಾರೆ. ಅದಕ್ಕೇ ಊರಿನಿಂದ ನಮ್ಮ ಕಾಲೇಜಿಗೆ ಬಸ್ಸಲ್ಲಿ ಬಂದು ಹೋಗುವ ಸಬೀರಾ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ನನ್ನ ಕನ್ನಡ ಅಷ್ಟಕ್ಕಷ್ಟೇ, ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೋ.

ನಾನು ಚೆನ್ನಾಗಿದ್ದೇನೆ ಎಂದು ಬರೆದು ಹೊಡೆದು ಹಾಕಿದೆ. ಕೂತಲ್ಲಿ ಕೂರಲು ಆಗುತ್ತಿಲ್ಲ. ಕ್ಲಾಸಿನಲ್ಲಿ ಕಾಲು ತಾನಾಗಿ ಕುಣಿಯುತ್ತದೆ. "ಬೆಂಚ್ ಅಲ್ಲಾಡ್ತಿದೆ ಮಗಾ, ಸುಮ್ನಿರು" ಎಂದು ಪಕ್ಕದವಳು ಬೈಯುತ್ತಾಳೆ.

ಹಾಲಿನ ಸಂಘಗಳ ಮಹಿಳಾ ನಿರ್ದೇಶಕರಿಗೆ ಯಲಹಂಕದಲ್ಲಿ ಎರಡು ದಿನ ನಾಯಕತ್ವ ತರಬೇತಿ ಇತ್ತಲ್ಲ, ಅದಕ್ಕೆ ನಿನ್ನನ್ನು ಕರೆದಿದ್ದರು. ನಿನಗೆ ಅಪ್ಪ ಏನು ಹೇಳಿದರೋ ಗೊತ್ತಿಲ್ಲ. ಮಂಗಳವಾರ ಹಾಸ್ಟೆಲ್ ಗೇಟಿಗೆ ಬಂದು, ನಿನ್ನ ಹಸಿರು ಸೀರೆಯಿದ್ದ ಕವರನ್ನು ನನ್ನ ಕೈಗಿಟ್ಟರು. "ಗಂಡಸ್ರನ್ನ ಒಳೀಕೆ ಬಿಡಲ್ವಂತೆ. ನಿಮ್ಮಮ್ಮ ಅಲ್ಲಿಗ್ ಓದ್ರೆ ಬಾಯೇ ಬಿಡಕಿಲ್ಲ, ಸಂಘದ ಮರ್ಯಾದೆ ಓಯ್ತದೆ. ನೀನು ಓದಿರೋಳು, ಅವ್ಳ ಎಸ್ರಲ್ಲಿ ಓಗಿ ಕೂತ್ಕಂಡ್ ಬಾ" ಎಂದರು. ಪ್ರತಿ ಮೀಟಿಂಗಿಗೂ ನಿನ್ನ ಸೈನ್ ಹಾಕುವ ಹಾಗೆ ಇದಕ್ಕೂ ಅವರೇ ಹಾಕಿದ್ದರು. ಹೀಗೆ ನಾನು ರಾಧಾಮಣಿಯಾದೆ.

ಮೊದಲ ದಿನವೇ ಸಿಕ್ಕಿಬಿದ್ದೆ. ಪಕ್ಕದಲ್ಲಿ ಕೂತಿದ್ದ ಸುಬ್ಬಮ್ಮ, ಬೇರೆ ಊರಿನ ಸಂಘದವರು, ನನ್ನ ಕಡೆ ಬಗ್ಗಿದರು.

"ಗೇಟ್ ತಾವ ಬಿಟ್ಟೋದ್ರಲ್ಲ, ನಿಮ್ ಯಜಮಾನ್ರಾ?"

ಹೂಂ ಎಂದೆ.

"ಎಂಡ್ತೀನ 'ಉಂಡ್ಕಳೇ ಮಗ್ಳೇ' ಅಂತ ಕರೆಯೋ ಗಂಡನ್ನ ಇವತ್ತೇ ಕಣವ್ವ ನಾನ್ ನೋಡಿದ್ದು."

ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು: "ಎದುರ್ಕಬ್ಯಾಡ. ಆ ಕೊನೇಲಿ ಕೂತವ್ಳಲ್ಲ, ಅವ್ಳೂ ಅತ್ತೆ ಬದ್ಲು ಬಂದಿರೋ ಸೊಸೆ."

ತರಬೇತಿ ಕೊಡುವ ಮುಸರ್ರತ್ ಮೇಡಂ, ನಿಮ್ಮ ಸಂಘದಲ್ಲಿ ಏನು ಬದಲಾಗಬೇಕು ಎಂದು ಕೇಳಿದರು. ಎಲ್ಲರೂ ಸೆರಗು ಸರಿಮಾಡಿಕೊಳ್ಳುತ್ತ ಕೂತರು. ರಜೆಯಲ್ಲಿ ಮನೆಯಲ್ಲಿ ಕಂಡದ್ದನ್ನು ನಾನು ಹೇಳಿಬಿಟ್ಟೆ. ಸಂಜೆ ಹಾಲು ಕರೆಯುವ ಹೊತ್ತಿಗೇ ಮೀಟಿಂಗ್ ಇಡುತ್ತಾರೆ. ನಾವು ಕೊಟ್ಟಿಗೆಯಲ್ಲಿರುವಾಗ ಗಂಡಸರು ನಮ್ಮ ಕುರ್ಚಿಯಲ್ಲಿರುತ್ತಾರೆ. ಮೀಟಿಂಗ್ ಮಧ್ಯಾಹ್ನ ಇಡಲಿ ಎಂದೆ. ಆಮೇಲೆ ಎಲ್ಲರ ಬಾಯಿ ಮುಚ್ಚಿಸುವುದೇ ಮೇಡಂಗೆ ಕಷ್ಟವಾಯಿತು. ಈ ಗುರುವಾರ ಎಲ್ಲ ಸಂಘಗಳ ಅಧ್ಯಕ್ಷರನ್ನೂ ಅಲ್ಲಿಗೆ ಕರೆದಿದ್ದಾರೆ. ಅವರ ಮುಂದೆ ಎಲ್ಲರ ಪರವಾಗಿ ಮಾತಾಡಲು ರಾಧಾಮಣಿಯನ್ನೇ ಆರಿಸಿದರು.

ಅಪ್ಪನಿಗೆ ಖುಷಿಯೋ ಖುಷಿ. "ನೀನೇ ಓಗು ಮಗ್ಳೇ. ಆ ಮಧ್ಯಾನದ ಇಸ್ಯ ಒಂದ್ ಬಿಟ್ಬುಡು" ಎಂದರು.

ನಿನ್ನೆ ತಡೆಯಲಾಗದೆ ಮುಸರ್ರತ್ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. "ಚೆನ್ನಾಗೇ ಮಾತಾಡ್ದೆ ಕಣಮ್ಮ. ಆದ್ರೆ ಈಕೆ ಡೈರೆಕ್ಟರೇ ಅಲ್ಲ ಅಂತ ಆ ಅಧ್ಯಕ್ಷರಲ್ಲಿ ಒಬ್ರು ಎದ್ದು ಹೇಳಿದ್ರೆ, ಅಷ್ಟು ಹೆಂಗಸ್ರ ಮಾತೂ ಬಿದ್ದೋಗುತ್ತೆ. ರಾಧಾಮಣಿನೇ ಬರ್ಲಿ" ಎಂದರು.

ಅಮ್ಮಾ, ಗುರುವಾರ ನೀನೇ ಬರಬೇಕು. ಬೆಳಗ್ಗೆ ಹಾಲು ಹಾಕಿ ಹೊರಟರೆ ಸಾಕು, ಸಬೀರಾ ಜೊತೆಯಲ್ಲಿ ಕರೆತರುತ್ತಾಳೆ. ಯಲಹಂಕದ ಗೇಟಿನಲ್ಲಿ ನಾನೂ ಸುಬ್ಬಮ್ಮನೂ ಇರುತ್ತೇವೆ. ಅಪ್ಪನನ್ನು ಕೇಳಬೇಡ, ಹೋಗುತ್ತೇನೆ ಎಂದು ಹೇಳು. ಏನು ಮಾತಾಡಬೇಕು ಎಂದು ಒಂದು ಪುಟ ಬರೆದಿದ್ದೆ, ಹರಿದು ಹಾಕಿದೆ. ನಾನೂ ಅಪ್ಪನ ಹಾಗೇ ನಿನ್ನ ಬಾಯಿಗೆ ಮಾತು ತುರುಕಲು ಹೊರಟಿದ್ದೆ. ನಿನಗೆ ತೋಚಿದ್ದನ್ನು ಹೇಳು.

ಅಜ್ಜಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು,
ತೇಜಸ್ವಿನಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಎರಡನೇ ದಿನ ಮೇಡಂ, ಮನೆಯಲ್ಲಿ ನೀವೇ ತೆಗೆದುಕೊಂಡ ಒಂದು ತೀರ್ಮಾನ ಹೇಳಿ ಎಂದರು. ನನ್ನ ಸರದಿ ಬಂದಾಗ, "ಮಗಳನ್ನ ಹಾಸ್ಟೆಲ್‌ಗೆ ಸೇರ್ಸಿದ್ದು ನಾನೇ" ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಎದ್ದು ಓಡಿಹೋಗಬೇಕೆನ್ನಿಸಿತು. ಆರನೇ ಕ್ಲಾಸಿಗೇ ನನ್ನನ್ನು ಹಾಸ್ಟೆಲಿಗೆ ಬಿಟ್ಟುಬರಲು ಅಪ್ಪ ಹೊರಟ ದಿನ ನೀನು ಕೊಟ್ಟಿಗೆಯಿಂದ ಈಚೆ ಬರಲಿಲ್ಲ. ಅಮ್ಮನಿಗೆ ನಾನು ಬೇಡವಾದೆ ಎಂದುಕೊಂಡೇ ಇಷ್ಟು ವರ್ಷ ಹಾಸ್ಟೆಲಿನಲ್ಲಿ ಕಳೆದೆ. ಕಳಿಸಿದ್ದು ನೀನಾ ಅಮ್ಮ, ಅಥವಾ ನಿನ್ನನ್ನು ಯಾರೂ ಕೇಳಲೇ ಇಲ್ಲವಾ? ಯಾವುದಾದರೂ ಪರವಾಗಿಲ್ಲ, ನಿನ್ನ ಕೈಯಲ್ಲೇ ಬರೆ. ಗುರುವಾರದವರೆಗೆ ಕಾಯಿಸಬೇಡ, ಇದು ಕೈಗೆ ಸಿಕ್ಕಿದ ಮರುದಿನವೇ ಸಬೀರಾ ಕೈಯಲ್ಲಿ ಉತ್ತರ ಕಳಿಸು.