ಸರೋಜಮ್ಮನ ನಾಲಿಗೆ

ಜೂನ್ 5, 2024

ಬೆಳಿಗ್ಗೆ ಎಂದಿನಂತೆ ಮೊಣಕಾಲಿಗೆ ಎಣ್ಣೆ. ಬಗ್ಗುತ್ತಿಲ್ಲ ಹಾಳಾದ್ದು. ನಿಂತು ಕೆಲಸ ಮಾಡಕೂಡದು ಅಂದಿದ್ದಾರೆ ಡಾಕ್ಟರು. ನಿಲ್ಲದೆ ಸೂಪರ್‌ವೈಸರ್ ಸರೋಜಮ್ಮ ಆಗುವುದು ಹೇಗೆ? ರಾಯದುರ್ಗದ ಕೇಬಲ್ ಚಾನೆಲ್ಲಿನಲ್ಲಿ ಪ್ರತಿ ಭಾನುವಾರ ನಮ್ಮ ‘ದಾರ ತುಂಡಾಯ್ತು’ — ಜೀನ್ಸ್ ಹೊಲಿಯುವ ಕಾರ್ಖಾನೆಯ ಕಾಮಿಡಿ ಸೀರಿಯಲ್, ಅದರಲ್ಲಿ ನಾನೇ ಸರೋಜಮ್ಮ. ಆಗಲೇ ಕಟಿಂಗ್ ಮಾಸ್ಟರ್ ಪಾತ್ರದವನು ಬಿಟ್ಟುಹೋದ. ಟೀ ಮಾರುವವಳಾಗಿದ್ದ ಹುಡುಗಿ ಮದುವೆಯಾಗಿ ಹೋದಳು. ಈಗ ನಾನು. ನಾಟಕ ಕಂಪನಿಯಲ್ಲಿ ವರ್ಷಗಟ್ಟಲೆ ರಾಣಿಯಾದರೂ ಯಾರೂ ಗುರುತು ಹಿಡಿಯಲಿಲ್ಲ. ಸರೋಜಮ್ಮ ಆದಮೇಲೆ ತರಕಾರಿಯವಳೂ ನಮಸ್ಕಾರ ಹೊಡೆಯುತ್ತಾಳೆ. ಅವಳನ್ನು ಬಿಟ್ಟುಕೊಡಬೇಕಂತೆ... ಹೊಟ್ಟೆ ಉರಿಯುತ್ತಿದೆ.

ಜೂನ್ 9

ಡೈರೆಕ್ಟರ್ ಹೊನ್ನೂರಪ್ಪ ಬಂದಿದ್ದ. ನನ್ನ ಜಾಗಕ್ಕೆ ಕೃಷ್ಣವೇಣಿ ಅಂತ ಒಬ್ಬಳು, ಮಡಕಶಿರಾ ಕಡೆ ಅಗಳಿಯವಳು. ಒಂದು ಎಪಿಸೋಡ್ ತೆಗೆದಾಯಿತಂತೆ.

“ಮಾತು ಆ ಕಡೀದು ಐತ್ರೀ ಮೈಲಾರಮ್ಮಕ್ಕಾ. ಮೊನ್ನೆತನಕ ರಾಯದುರ್ಗದಾಕಿ, ಈಗ ಅಗಳಿಯಾಕಿ ಅಂದ್ರ ಜನ ಆಡ್ಕೋತಾರ. ಮುಖ ಆಕೀದಿರ್ಲಿ, ದನಿ ನೀವು ಕೊಡ್ರಿ. ಕುಂತು ಡಬ್ಬಿಂಗ್ ಮಾಡಿದ್ರ ಸಾಕು.”

ಕಾಲು ಹೋದರೇನು, ಸರೋಜಮ್ಮ ನನ್ನವಳಾಗೇ ಉಳಿದಳು! ಖುಷಿಗೆ ಮಿರ್ಚಿ ತರಿಸಿ ತಿಂದೆ.

ಜೂನ್ 12

ಡಬ್ಬಿಂಗಿಗೆ ಹೋದೆ. ಮೊದಲು ಅವಳ ದನಿಯಲ್ಲೇ ಹಾಕಿ ತೋರಿಸು ಅಂದೆ — ತಪ್ಪು ಹುಡುಕಲಿಕ್ಕೇ. ರಜೆ ಮುಗಿಸಿ ಸರೋಜಮ್ಮ ಕಾರ್ಖಾನೆಗೆ ಬರುವ ಸೀನು. “ಯಾಕ್ರೀ ಮೇಡಂ, ಮಾತು ಬದಲಾಗೈತಿ?” ಅಂತಾನೆ ಟೈಲರ್. ಅವಳು ಕತ್ತರಿ ಕೆಳಗಿಟ್ಟು, ನಿಧಾನಕ್ಕೆ —

“ಅಗಳೀಲಿ ನಮ್ಮತ್ತೆ ಮನೇಗೆ ಹೋಗಿದ್ದೆ ಕಣಪ್ಪ. ಅವ್ಳ ಎದುರ್ಗೆ ನನ್ ನಾಲ್ಗೇನೇ ಏಳ್ಲಿಲ್ಲ. ಬರೋವಾಗ ಅವ್ಳದ್ನೇ ಎತ್ಕಂಡ್ ಬಂದೆ!”

ಸ್ಕ್ರಿಪ್ಟಿನಲ್ಲಿ ಇಲ್ಲದ್ದು. ಅವಳೇ ಸೇರಿಸಿದ್ದಂತೆ. ನಕ್ಕುಬಿಟ್ಟೆ! ಏನು ಟೈಮಿಂಗ್ ಮಾರಾಯ್ತಿ. ನಾನು ನಗಿಸಲು ಕೂಗಾಡುತ್ತೇನೆ, ಅವಳು ಸುಮ್ಮನಿದ್ದೇ ನಗಿಸುತ್ತಾಳೆ. ಮೈಕಿನ ಮುಂದೆ ಕೂತೆ. ಹೆಡ್‌ಫೋನ್ ತೆಗೆದಿಟ್ಟೆ.

“ಇದರ ಮ್ಯಾಲ ನನ್ ದನಿ ಹಾಕಿದ್ರ ಪಾಪ ಬರ್ತೈತೋ ಹೊನ್ನೂರಪ್ಪ. ಹಂಗ ಬಿಡು.”

ಹಾಗಂದು ಬಂದೆನೇನೋ ನಿಜ. ಮನೆಗೆ ಬಂದಮೇಲೆ ಅಳು ನಿಲ್ಲಲಿಲ್ಲ.

ಜೂನ್ 16, ಭಾನುವಾರ

ಪಕ್ಕದ ಮನೆ ಈರಕ್ಕನ ಜತೆ ಟಿವಿ ನೋಡಿದೆ. ಅತ್ತೆಯ ಮಾತಿಗೆ ಈರಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಬಾಯಿಗೆ ಸೆರಗು ಹಿಡಿದಳು. “ನಗವ್ವ, ನಗು” ಅಂದೆ.

ಆಗಸ್ಟ್ 20

ಸೀರಿಯಲ್ ನಿಲ್ಲಿಸಿದರು. ಜಾಹೀರಾತು ಬರಲಿಲ್ಲವಂತೆ. ಕೃಷ್ಣವೇಣಿ ಫೋನ್ ಮಾಡಿದಳು, ಇದೇ ಮೊದಲು.

“ಅಕ್ಕಾ, ನಿಮ್ ಸರೋಜಮ್ಮನ್ನ ನಾನೇ ಕೆಡಿಸ್ಬುಟ್ನೇನೋ...”

“ಏ ಹುಚ್ಚಿ! ನಿನ್ ಕೈಯಾಗ ಆಕಿ ಚಂದಾಗಿ ಬದುಕಿದ್ಳು. ನನ್ ಸರೋಜಮ್ಮ ಅನಬ್ಯಾಡ. ಆಕಿ ನಿನ್ನಾಕಿ.”

ಅತ್ತೆಯ ಮಾತು ಇನ್ನೊಮ್ಮೆ ಹೇಳಿಸಿಕೊಂಡು ನಕ್ಕೆ. ಆ ಕಡೆ ಅವಳೂ ನಕ್ಕಳು. ಫೋನ್ ಇಡಲು ಇಬ್ಬರಿಗೂ ಮನಸ್ಸಾಗಲಿಲ್ಲ.