ನನ್ನದೇ ನಂಬರು

ನಿಪ್ಪಾಣಿ
ರವಿವಾರ, ೧೨ ಅಕ್ಟೋಬರ್ ೨೦೧೪

ಕಾಗವಾಡದಲ್ಲಿ ಈ ಕಾಗದ ಕೈಗೆ ಬಂದ ಕೂಡಲೇ ಮೊದಲು ಕನ್ನಡಕ ಹುಡುಕುವ ನನ್ನ ಅವ್ವನಿಗೆ, ಸ್ನೇಹಲಳ ಜೈ ಜಿನೇಂದ್ರ.

ನಿನ್ನ ಪತ್ರ ಬಂತು. ನಾಲ್ಕು ಪುಟ ಬರೆದಿದ್ದರೂ ನೀನು ಕೇಳಿದ್ದು ಒಂದೇ ಮಾತು: ದೀಪಾವಳಿಗೆ ಸಾಮಾನು ಕಟ್ಟಿಕೊಂಡು ಬರುತ್ತೀಯೋ ಇಲ್ಲವೋ. ಉತ್ತರವನ್ನು ಮೊದಲೇ ಬರೆದುಬಿಡುತ್ತೇನೆ, ಉಳಿದದ್ದನ್ನು ನೀನು ಸಮಾಧಾನದಿಂದ ಓದಬಹುದು. ಹಬ್ಬಕ್ಕೆ ನಾನು ಬರುತ್ತೇನೆ. ಸಾಮಾನು ಬರುವುದಿಲ್ಲ.

ನಿನ್ನ ಚಿಂತೆ ಸುಳ್ಳಲ್ಲ ಎಂದು ನನಗೆ ಗೊತ್ತು. ಸಣ್ಣವಳಿದ್ದಾಗ ಬಂದ ಆ ಜ್ವರ ಎರಡೂ ಕಿವಿ ಒಯ್ದ ಮೇಲೆ ತಮ್ಮ ನಿತಿನನೇ ನನ್ನ ಕಿವಿಯಾದ. ಎದುರಿಗೆ ಕೂತು ಮಾತಾಡುವವರ ತುಟಿ ನೋಡಿ ಕನ್ನಡವನ್ನೂ ಮರಾಠಿಯನ್ನೂ ನಾನು ಹಿಡಿದುಬಿಡುತ್ತೇನೆ. ಫೋನಿಗೆ ತುಟಿ ಇಲ್ಲವಲ್ಲ. ಹೀಗಾಗಿ ಲಗ್ನಪತ್ರಿಕೆ ಮಾಡುವ ಅಂಗಡಿ ನನ್ನದು, ಅದಕ್ಕೆ ಬರುವ ಫೋನೆಲ್ಲ ತಮ್ಮನದು ಎಂದು ಇಷ್ಟು ವರ್ಷ ನಡೆಯಿತು. ಅಥಣಿಯ ಆಚೆಯ ಕಾರ್ಖಾನೆಯಲ್ಲಿ ಅವನಿಗೆ ನೌಕರಿ ಸಿಕ್ಕ ದಿನ ನೀನು ಪೇಢೆ ಹಂಚಿದೆ, ಅದೇ ಸಂಜೆ ನನ್ನ ಅಂಗಡಿ ಮುಚ್ಚುವ ಮಾತನ್ನೂ ತೆಗೆದೆ. ಗಿರಾಕಿಯ ಫೋನು ಎತ್ತುವವರು ಯಾರು ಎಂದು ಕೇಳಿದೆ.

ಅದಕ್ಕೆ ಉತ್ತರ ಹುಡುಕುತ್ತಲೇ ಹೊಸ ಕಂಪ್ಯೂಟರು ಜೋಡಿಸಿದೆ. ಹಳೆಯದು ಎರಡು ಪತ್ರಿಕೆ ಒಟ್ಟಿಗೆ ತೆರೆದರೆ ನಿಂತುಬಿಡುತ್ತಿತ್ತು. ಕೊಲ್ಹಾಪುರಕ್ಕೆ ಹೋಗಿ ಒಂದೊಂದೇ ಭಾಗ ಆರಿಸಿ ತಂದು, ಹಾಸಿಗೆಯ ಮೇಲೆ ಹಳೆಯ ದುಪಟಿ ಹಾಸಿ, ಮದರ್‌ಬೋರ್ಡನ್ನು ಡಬ್ಬಿಯಲ್ಲಿ ಕೂಡಿಸಿ, ತಂತಿಗಳನ್ನೆಲ್ಲ ನಾನೇ ಸಿಕ್ಕಿಸಿದೆ. ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನು ತಿರುಗಿದ್ದು ಅಂಗೈಗೆ ಗೊತ್ತಾಯಿತು. ಅಪ್ಪ ಬಾವಿಯ ಮೋಟರನ್ನು ಮುಟ್ಟಿ ನೋಡುವುದಿಲ್ಲವೇ, ಹಾಗೆ.

ಈಗ ಎಲ್ಲರೂ ಮೊಬೈಲಿನಲ್ಲಿ ಬರೆದು ಕಳಿಸುವ ಮೆಸೇಜ್ ಸೇವೆ ಒಂದಿದೆ, ನಿತಿನ ನಿನಗೆ ತೋರಿಸಿರಬೇಕು. ಫೋಟೋವನ್ನೂ ಕಳಿಸಬಹುದು. ಅದನ್ನು ಈ ಕಂಪ್ಯೂಟರಿನಲ್ಲೇ ನಡೆಸಿದರೆ ಗಿರಾಕಿಯ ಮಾತು ನೇರವಾಗಿ ನನ್ನ ಕಣ್ಣಿಗೆ ಬರುತ್ತದೆ, ನಾನು ಮಾಡಿದ ಪತ್ರಿಕೆ ಅಲ್ಲಿಂದಲೇ ಅವರಿಗೆ ಹೋಗುತ್ತದೆ ಎಂದುಕೊಂಡೆ. ಅದರ ಬದಲು ಒಂದು ದೊಡ್ಡ ಮೊಬೈಲ್ ಕೊಳ್ಳಬಾರದೇ ಎಂದು ನೀನು ಕೇಳುತ್ತೀ. ಕೈಯಲ್ಲಿದ್ದ ದುಡ್ಡನ್ನೆಲ್ಲ ಕಂಪ್ಯೂಟರಿಗೆ ಹಾಕಿ ಆಗಿತ್ತು. ಅದೂ ಅಲ್ಲದೆ ಬೀಗರ ಹೆಸರುಗಳನ್ನು ಅಷ್ಟು ಸಣ್ಣ ಗಾಜಿನ ಮೇಲೆ ತಿದ್ದುವುದು ಆಗದ ಕೆಲಸ.

ಮೊಬೈಲಿನಲ್ಲಿ ನಡೆಯುವುದನ್ನು ಕಂಪ್ಯೂಟರಿನಲ್ಲಿ ನಡೆಸಲು ಬೇರೆಯೇ ಒಂದು ಪ್ರೋಗ್ರಾಂ ಹಾಕಬೇಕು. ಹಾಕಿದೆ. ತೆರೆದರೆ ಪರದೆ ತುಂಬ ಬರೀ ಕಪ್ಪು. ತೆಗೆದು ಮತ್ತೆ ಹಾಕಿದೆ, ಮತ್ತೆ ಕಪ್ಪು. ನನ್ನಂತೆಯೇ ತೊಂದರೆಗೆ ಸಿಕ್ಕ ಜನ ಇಂಟರ್ನೆಟ್ಟಿನಲ್ಲಿ ಬರೆದದ್ದನ್ನೆಲ್ಲ ಓದುತ್ತ ಹೋದೆ. ಕೊನೆಗೆ ತಿಳಿಯಿತು: ಚಿತ್ರ ತೋರಿಸುವ ಕಾರ್ಡಿನ ಜೊತೆ ಅಂಗಡಿಯವರು ಕೊಟ್ಟ ಸಿ.ಡಿ. ಹಳೆಯದು. ಆ ಕಾರ್ಡನ್ನು ನಡೆಸುವ ಹೊಸ ಡ್ರೈವರ್ ಪ್ರೋಗ್ರಾಂ ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಹಾಕಿದೆ, ಪರದೆ ಬೆಳಗಿತು. ನಾನು ಕುರ್ಚಿಯಿಂದೆದ್ದು ಒಬ್ಬಳೇ ಒಂದು ಸುತ್ತು ಕುಣಿದದ್ದನ್ನು ಯಾರೂ ನೋಡಲಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ.

ಅಲ್ಲಿಂದ ಮುಂದಿನದು ಸೇವೆಯನ್ನು ಚಾಲೂ ಮಾಡುವ ಕೆಲಸ. ಒಂದು ಫೋನ್ ನಂಬರು ಕೊಡಬೇಕು, ಆ ನಂಬರಿಗೆ ಆರು ಅಂಕಿಯ ಕೋಡ್ ಬರುತ್ತದೆ, ಅದನ್ನು ಇಲ್ಲಿ ತುಂಬಬೇಕು. ಗಿರಾಕಿಗಳ ಹತ್ತಿರ ಇದ್ದದ್ದು ನಿತಿನನ ನಂಬರು, ಅದಕ್ಕೇ ಅದನ್ನೇ ಕೊಟ್ಟೆ. ಅವನು ಕೋಡ್ ಕಳಿಸಿದ, ಚಾಲೂ ಆಯಿತು. ಗಣಪತಿ ಹಬ್ಬದ ಹೊತ್ತಿಗೆ ರಾಯಬಾಗ, ಚಿಕ್ಕೋಡಿ ಕಡೆಯ ಗಿರಾಕಿಗಳು ಬರೆಯತೊಡಗಿದ್ದರು. ಆ ದಿನಗಳಲ್ಲಿ ನಾನು ಬರೆದ ಪತ್ರಗಳು ಎಷ್ಟು ಉಬ್ಬಿದ್ದವು ಎಂದು ನಿನಗೆ ನೆನಪಿರಬೇಕು.

ಆಮೇಲೆ ಒಂದು ಮುಂಜಾನೆ ಅಂಗಡಿ ತೆರೆದು ನೋಡಿದರೆ ಪರದೆಯ ಮೇಲೆ ಒಂದು ಸಾಲು: ಈ ನಂಬರು ಈಗ ಬೇರೆ ಫೋನಿನಲ್ಲಿ ಚಾಲೂ ಇದೆ. ನಿತಿನ ಮೊದಲ ಪಗಾರದಲ್ಲಿ ಹೊಸ ಮೊಬೈಲ್ ಕೊಂಡಿದ್ದ, ಅದರಲ್ಲಿ ಅದೇ ನಂಬರಿನಿಂದ ಅದೇ ಸೇವೆ ಹಾಕಿಕೊಂಡಿದ್ದ. ಒಂದು ನಂಬರಿಗೆ ಒಂದೇ ಜಾಗ. ನನ್ನ ಗಿರಾಕಿಗಳೆಲ್ಲ ಅಥಣಿ ಕಡೆಗೆ ಹೋಗಿಬಿಟ್ಟಿದ್ದರು. ಅವನಿಗೆ ಇದು ಹೀಗಾಗುತ್ತದೆಂದು ಗೊತ್ತಿರಲಿಲ್ಲ, ಅದು ನಿಜ. ಗೊತ್ತಾದ ಮೇಲೂ ಅವನು ನನ್ನ ಪರವಾಗಿ ಉತ್ತರ ಬರೆಯುತ್ತ ಹೋದ, ಅದೂ ನಿಜ. ಕಬ್ಬೂರಿನ ಹಳೆಯ ಗಿರಾಕಿ ದ್ರೌಪದಿ ಕಾಕು ಖುದ್ದಾಗಿ ಅಂಗಡಿಗೆ ಬಂದು, ಮುಚ್ಚುತ್ತೀಯಂತಲ್ಲ, ನನ್ನ ಮೊಮ್ಮಗನ ಪತ್ರಿಕೆ ಯಾರು ಮಾಡಬೇಕು ಎಂದು ಕೇಳಿದಾಗಲೇ ಅವನು ಏನು ಬರೆಯುತ್ತಿದ್ದಾನೆಂದು ನನಗೆ ತಿಳಿದದ್ದು.

ಗಾಂಧಿ ಜಯಂತಿಯ ರಜೆಗೆ ನಿತಿನ ಬಂದ. ಅವನನ್ನು ಬಾಗಿಲ ಬೆಳಕಿಗೆ ಮುಖ ಮಾಡಿ ಕೂಡಿಸಿದೆ. ಅವನಿಗೆ ಹೇಳಲು ಮನಸ್ಸಿಲ್ಲದ ಮಾತಿದ್ದರೆ ಮುಖ ತಿರುಗಿಸುತ್ತಾನೆ, ಇದು ನಿನಗೂ ಗೊತ್ತು.

“ಅಂಗಡಿ ಮುಚ್ಚತೈತಿ ಅಂತ ಗಿರಾಕಿಗೆ ಹೇಳು ಅಂತ ನಿನಗ ಯಾರ ಹೇಳಿದರು?” ಎಂದು ಕೇಳಿದೆ.

ಅವನು ಗೋಡೆಯ ಕಡೆ ತಿರುಗಿದ. ಗದ್ದ ಹಿಡಿದು ಈ ಕಡೆ ತಿರುಗಿಸಿದೆ. ಆಗ ಹೇಳಿದ.

“ಅವ್ವ ಹೇಳಿದಳು, ಅಕ್ಕಾ. ಗಿರಾಕಿ ತಾವಾಗೇ ಕಡಿಮಿ ಆದರ ನೀ ಊರಿಗಿ ಬರತಿ ಅಂತ.”

ಅವ್ವಾ, ಸಿಟ್ಟು ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು. ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದು ಅದಕ್ಕೇ. ಆದರೆ ನಿತಿನನ ಮುಖ ನೋಡಿದಾಗ ಇನ್ನೊಂದು ವಿಷಯ ಕಂಡಿತು. ಅವನು ಅಳುತ್ತಿದ್ದ. ಇಷ್ಟು ವರ್ಷ ಗಿರಾಕಿ ನನ್ನನ್ನು ಕೇಳಿದರೆ, ಅಕ್ಕ ಒಳಗೆ ಕೆಲಸದಲ್ಲಿದ್ದಾಳೆ ಎಂದು ಹೇಳುತ್ತ ಬಂದನಂತೆ. ಕಿವಿ ಕೇಳಿಸುವುದಿಲ್ಲ ಎಂದು ಒಬ್ಬರಿಗೂ ಹೇಳಿಲ್ಲವಂತೆ. ಹೇಳಿದರೆ ಜನ ಅಕ್ಕನಿಗೆ ಮೋಸ ಮಾಡುತ್ತಿದ್ದರು ಎಂದ. ನನ್ನನ್ನು ಕಾಯುವುದೇ ಅವನ ಕೆಲಸವಾಗಿತ್ತು. ನೌಕರಿ ಸಿಕ್ಕಿದ್ದಕ್ಕೆ ಸಂತೋಷಪಡಲಿಕ್ಕೂ ಆಗದಂತೆ ಆ ಕೆಲಸ ಅವನ ಬೆನ್ನ ಮೇಲೆ ಕೂತಿತ್ತು.

ನಾನು ಹೇಳಿದೆ: “ಇನ್ನ ಮ್ಯಾಲ ನೀ ನಿನ್ನ ನೌಕರಿ ಮಾಡು, ತಮ್ಮಾ. ನನ್ನ ನಂಬರ ನಾ ಮಾಡ್ಕೋತೀನಿ.”

ಅವನು ಬಸ್ಸು ಹತ್ತಿದ ಮೇಲೆ ನನ್ನ ಸಣ್ಣ ಮೊಬೈಲನ್ನು ಹೊರಗೆ ತೆಗೆದೆ. ನೀನು ಯಾವಾಗಲಾದರೂ ಮೆಸೇಜ್ ಮಾಡಿಸಿದರೆ ಓದಲಿಕ್ಕೆ ಇಟ್ಟುಕೊಂಡದ್ದು ಅದು. ಅದರ ನಂಬರನ್ನು ಕಂಪ್ಯೂಟರಿಗೆ ಕೊಟ್ಟೆ. ಕೋಡ್ ಬರಲಿಲ್ಲ. ನಂಬರಿನ ಮುಂದೆ ಸೊನ್ನೆ ಹಾಕಿದ್ದೇನೋ ಎಂದು ನೋಡಿದೆ, ಇಲ್ಲ. ಮೊಬೈಲಿನಲ್ಲಿ ತುಂಬಿಕೊಂಡಿದ್ದ ಹಳೆಯ ಜಾಹೀರಾತುಗಳನ್ನೆಲ್ಲ ಅಳಿಸಿದೆ. ಇಲ್ಲಿ ಮೊಬೈಲು ಒಮ್ಮೆ ನಮ್ಮ ಟವರ್, ಒಮ್ಮೆ ಮಹಾರಾಷ್ಟ್ರದ ಟವರ್ ಹಿಡಿಯುತ್ತದೆ. ಅದಕ್ಕೇ ಇರಬೇಕೆಂದು ಸಿಮ್ ತೆಗೆದು ಹಾಕಿ, ನಮ್ಮದನ್ನೇ ಹಿಡಿಯುವಂತೆ ಮಾಡಿದೆ. ನಿತಿನ ಕಳಿಸಿದ ಮೆಸೇಜು ಬಂತು. ಕೋಡ್ ಮಾತ್ರ ಬರಲಿಲ್ಲ.

ಪರದೆಯ ಕೆಳಭಾಗದಲ್ಲಿ ಒಂದು ಗುಂಡಿ ಇತ್ತು: ಕೋಡ್ ಬಾರದಿದ್ದರೆ ನಾವೇ ಫೋನು ಮಾಡಿ ಹೇಳುತ್ತೇವೆ. ಅದನ್ನು ನೋಡಿ ನನಗೆ ನಗು ಬಂತು. ಕಿವಿ ಇಲ್ಲದವಳಿಗೆ ಉಳಿದ ದಾರಿ ಅದೊಂದೇ.

ಒತ್ತಿದೆ. ಮೇಜಿನ ಮೇಲೆ ಮೊಬೈಲು ನಡುಗತೊಡಗಿತು. ಎತ್ತಿಕೊಂಡು ಎದುರಿನ ಸೈಕಲ್ ಅಂಗಡಿಗೆ ಓಡಿ ಅಣ್ಣಾಸಾಬ ಮಾಮಾನ ಕೈಗೆ ಕೊಟ್ಟೆ. ಅವರು ಕಿವಿಗೆ ಹಿಡಿದರು, ಏನೋ ಹೇಳಿದರು, ಬಂದ್ ಮಾಡಿ ನನಗೆ ವಾಪಸು ಕೊಟ್ಟರು.

“ಯಾವದೋ ಕಂಪನಿಯಾಕಿ, ಇಂಗ್ಲಿಷಿನ್ಯಾಗ ಮಾತಾಡಾಕತ್ತಿದ್ದಳು. ನಮಗ ಏನೂ ಬ್ಯಾಡವಾ ಅಂತ ಹೇಳಿ ಇಟ್ಟೆ,” ಎಂದರು. ಉಪಕಾರ ಮಾಡಿದ ಸಂತೋಷ ಅವರ ಮುಖದಲ್ಲಿತ್ತು. ನಾನೂ ಧನ್ಯವಾದ ಹೇಳಿ ಬಂದೆ.

ಮತ್ತೆ ಫೋನು ಮಾಡಲು ಆ ಸೇವೆ ಮರುದಿನದವರೆಗೂ ಒಪ್ಪಲಿಲ್ಲ. ಮರುದಿನ ನಾನು ಓಡಲಿಲ್ಲ, ತಯಾರಿ ಮಾಡಿಕೊಂಡೆ. ನಮ್ಮ ಕಟ್ಟಡದ ಮಾಲಕರಾದ ಲಕ್ಷ್ಮಿಬಾಯಿ ಆಯಿ ಬಸದಿಯಿಂದ ಬರುವುದನ್ನೇ ಕಾದು, ಒಳಗೆ ಕರೆದು ಕೂಡಿಸಿದೆ. ಅವರು ಓದಿದ್ದು ಮರಾಠಿ ಶಾಲೆಯಲ್ಲಿ, ಅದೂ ಸ್ವಲ್ಪ. ಇಂಗ್ಲಿಷಿನ ಅಂಕಿಗಳು ಬರುತ್ತವೆಯೇ ಎಂದು ಕೇಳಿದೆ. ಮೊಮ್ಮಕ್ಕಳಿಗೆ ಕಲಿಸುತ್ತ ತಾವೂ ಕಲಿತಿದ್ದಾರಂತೆ. ಕೈಗೆ ಪೆನ್ಸಿಲು, ಮುಂದೆ ರದ್ದಾದ ಒಂದು ಲಗ್ನಪತ್ರಿಕೆ ಇಟ್ಟೆ. ಹಲೋ ಅನ್ನಬೇಡಿರಿ, ಏನೂ ಕೇಳಬೇಡಿರಿ, ಆಕೆ ಹೇಳುವ ಅಂಕಿಗಳನ್ನು ಬರೆದುಕೊಳ್ಳಿರಿ, ಸಾಕು ಎಂದೆ.

ಮೊಬೈಲು ನಡುಗಿತು. ಆಯಿ ಹಲೋ ಅಂದೇಬಿಟ್ಟರು. ಆಮೇಲೆ ಕಣ್ಣು ಮುಚ್ಚಿ, ಸ್ತೋತ್ರ ಕೇಳುವ ಹಾಗೆ ತಲೆ ಬಾಗಿಸಿ ಬರೆದರು. ಆರು ಅಂಕಿಗಳೂ ಮರಾಠಿ ಅಂಕಿಗಳು. ಅದೇನು ದೊಡ್ಡ ಮಾತಲ್ಲ, ದಿನವೂ ಎರಡೂ ಭಾಷೆಯ ಪತ್ರಿಕೆ ಮಾಡುವವಳು ನಾನು. ತುಂಬಿದೆ. ಕೋಡ್ ತಪ್ಪು ಎಂದು ಕೆಂಪು ಅಕ್ಷರ ಬಂತು.

ಇನ್ನೊಮ್ಮೆ ತಪ್ಪಿದರೆ ಎಷ್ಟು ಕಾಯಬೇಕೋ ಗೊತ್ತಿರಲಿಲ್ಲ. ಪತ್ರಿಕೆಯನ್ನು ಬೆಳಕಿಗೆ ಹಿಡಿದೆ. ಮರಾಠಿಯಲ್ಲಿ ಒಂದು ಮತ್ತು ಒಂಬತ್ತು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಆಯಿಯ ಕೈ ಬೇರೆ ನಡುಗುತ್ತದೆ. ನಾಲ್ಕನೆಯ ಅಂಕಿಯ ಮೇಲೆ ಬೆರಳಿಟ್ಟು ಇದು ಎಷ್ಟು ಎಂದು ಕೇಳಿದೆ. ಅಷ್ಟರಲ್ಲಿ ಅವರು ಎಲೆಯಡಿಕೆ ಹಾಕಿಕೊಂಡಿದ್ದರು, ತುಟಿ ತಿಳಿಯಲಿಲ್ಲ. ನನ್ನ ಮುಖ ನೋಡಿ ಅವರಿಗೇ ಹೊಳೆಯಿತು. ಎರಡೂ ಕೈ ಎತ್ತಿ, ಹತ್ತೂ ಬೆರಳು ಬಿಡಿಸಿ, ಒಂದನ್ನು ಮಡಚಿದರು.

ಒಂಬತ್ತು ತುಂಬಿದೆ. ಪರದೆ ಸುತ್ತಿತು, ನಿಂತಿತು, ನಿಮ್ಮ ಹೆಸರೇನು ಎಂದು ಕೇಳಿತು. ನಿತಿನನ ನಂಬರಿದ್ದಾಗ ಅಲ್ಲಿ ಅವನ ಹೆಸರಿತ್ತು. ನಾನು ಸ್ನೇಹಲ ಎಂದು ಬರೆದೆ. ಆಯಿ ನನ್ನ ಬೆನ್ನು ಸವರಿ, “ಚಾಲೂ ಆತೇನ ಪೋರಿ?” ಎಂದು ಬಾಯಿ ದೊಡ್ಡದಾಗಿ ತೆರೆದು ಕೇಳಿದರು. ಆತು ಎಂದೆ.

ನಿತಿನನಿಗೆ ಮೊದಲ ಮೆಸೇಜು ಕಳಿಸಿದೆ. ಸಂಜೆಯೊಳಗೆ ಅವನು ಹಳೆಯ ಗಿರಾಕಿಗಳಿಗೆಲ್ಲ ನನ್ನ ನಂಬರು ಕಳಿಸಿ, ಅಕ್ಕನ ಜೊತೆ ನೇರವಾಗಿ ಮಾತಾಡಿರಿ ಎಂದು ತಿಳಿಸಿದ್ದ. ಅವರ ಉತ್ತರಗಳಿಂದಲೇ ನನಗದು ಗೊತ್ತಾಯಿತು.

ಹೊಸ ಗಿರಾಕಿ ಅಲಖನೂರಿನ ಮುರಗೆಪ್ಪ ಅನ್ನುವವರು. ಅವರಿಂದ ಬಂದದ್ದು ಬರಹವಲ್ಲ, ಧ್ವನಿ. ಮಾತಾಡಿ ಕಳಿಸುವ ಅನುಕೂಲವೂ ಈ ಸೇವೆಯಲ್ಲಿದೆಯಂತೆ. ಒಂದು ಸಣ್ಣ ಗೆರೆ, ಅದರ ಪಕ್ಕ ಒಂದು ಗುಂಡಿ. ಆಯಿಯನ್ನು ಕರೆಯೋಣವೇ ಎಂದು ಎದ್ದೆ, ಮತ್ತೆ ಕೂತೆ. ಯಾರಿಗೂ ನಾನಾಗಿ ಬರೆಯದಿದ್ದದ್ದನ್ನು ಅವರಿಗೆ ಬರೆದೆ: ನನಗೆ ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಬರೆದು ಕಳಿಸಿರಿ.

ಅರ್ಧಕ್ಕೆ ಬಿಟ್ಟಿದ್ದ ಬೇರೊಂದು ಪತ್ರಿಕೆ ತೆರೆದು ಕೂತೆ. ಗಿರಾಕಿ ಹೋದರು ಎಂದುಕೊಂಡೆ. ಆಮೇಲೆ ಒಂದು ಫೋಟೋ ಬಂತು. ಶಾಲೆಯ ಹಾಳೆಯ ಮೇಲೆ ದುಂಡು ಅಕ್ಷರ: “ನಮ್ಮ ಅಪ್ಪಗ ಬರಿಯಾಕ ಬರೂದಿಲ್ರಿ. ನಾ ಅವರ ಮಗಳು ಭಾಗ್ಯಾ. ಲಗ್ನ ನಂದ ಐತ್ರಿ. ಏನೇನ ಬೇಕು ಅಂತ ನಾನ ಬರೀತೀನ್ರಿ.” ತನ್ನ ಪತ್ರಿಕೆಯಲ್ಲಿ ತನ್ನ ಹೆಸರು ಗಂಡಿನ ಹೆಸರಿನಷ್ಟೇ ದೊಡ್ಡದಿರಬೇಕಂತೆ. ಅಪ್ಪನ ಮುಂದೆ ಬಾಯಿಬಿಟ್ಟು ಹೇಳಲು ನಾಚಿಕೆಯಂತೆ, ಬರೆಯುವಾಗ ಹೇಳಲು ಬಂತಂತೆ. ಮಾಡಿ ಕಳಿಸಿದೆ. ಮುರಗೆಪ್ಪನವರು ಒಪ್ಪಿದ್ದಾರೆ. ಫೋನು ಎತ್ತುವವರಿದ್ದರೆ ಆ ಹುಡುಗಿಯ ಮಾತು ನನ್ನವರೆಗೆ ಬರುತ್ತಿತ್ತೋ ಇಲ್ಲವೋ.

ಅವ್ವಾ, ನೀನು ನನ್ನನ್ನು ಊರಿಗೆ ಕರೆಯುವುದು ಮಮತೆಯಿಂದ. ಆದರೆ ಇನ್ನು ಮೇಲೆ ನನ್ನ ಗಿರಾಕಿಗಳಿಗೆ ನೀನು ಏನನ್ನೂ ಹೇಳಿ ಕಳಿಸಬಾರದು. ನನಗೆ ಹೇಳುವುದಿದ್ದರೆ ನನಗೇ ಹೇಳು. ಓಣಿಯ ಹೆಂಗಸರು ಕೇಳಿದರೆ, ಮಗಳಿಗೆ ಕಿವಿ ಕೇಳಿಸುವುದಿಲ್ಲ, ನಿಪ್ಪಾಣಿಯಲ್ಲಿ ಅಂಗಡಿ ನಡೆಸುತ್ತಾಳೆ ಎಂದು ಎರಡನ್ನೂ ಒಟ್ಟಿಗೆ ಹೇಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಬಸದಿಗೆ ಒಯ್ಯುವ ನಿರ್ವಾಣ ಲಾಡು ಕಟ್ಟುವಾಗ ನಾನೂ ಇರುತ್ತೇನೆ, ಎಲ್ಲವನ್ನೂ ನೀನೊಬ್ಬಳೇ ಮಾಡಿ ಮುಗಿಸಬೇಡ. ಅಪ್ಪನಿಗೆ ನಮಸ್ಕಾರ.

ನಿನ್ನ ಮಗಳು,
ಸ್ನೇಹಲ

ತಾ.ಕ.: ಶ್ರಾವಣದಲ್ಲಿ ನೀನು ಇಲ್ಲಿಗೆ ಬಂದಾಗ, ದೀಪಾವಳಿಗೆ ಅಂಗಡಿ ಖಾಲಿ ಮಾಡುತ್ತೇವೆಂದು ಲಕ್ಷ್ಮಿಬಾಯಿ ಆಯಿಗೆ ಹೇಳಿ ಬಾ ಎಂದು ನನ್ನನ್ನು ಮೇಲೆ ಅವರ ಮನೆಗೆ ಕಳಿಸಿದ್ದೆಯಲ್ಲ. ಆಗಿನ್ನೂ ಕಂಪ್ಯೂಟರಿನಲ್ಲಿ ಏನೂ ಚಾಲೂ ಆಗಿರಲಿಲ್ಲ. ನಾನು ಮೇಲೆ ಹೋಗಿ, ಅಂಗಡಿಯ ಪಕ್ಕದ ಖೋಲಿ ಖಾಲಿಯಾದರೆ ಬೇರೆ ಯಾರಿಗೂ ಕೊಡಬೇಡಿರಿ, ನನಗೆ ಬೇಕು ಎಂದು ಹೇಳಿ ಬಂದಿದ್ದೆ. ಅದು ಮೊನ್ನೆ ಖಾಲಿಯಾಗಿದೆ. ಹಬ್ಬ ಮುಗಿಸಿ ನಾನು ತಿರುಗಿ ಬರುವಾಗ ನೀನೂ ಜೊತೆಗೆ ಬಾ, ಗೋಡೆಗೆ ಯಾವ ಬಣ್ಣ ಅನ್ನುವುದನ್ನು ನೀನೇ ಹೇಳಬೇಕು.